ಊರಿನ ಹೆಸರು ನಂಬಿ ನಕ್ಷೆಗೆ ಬಣ್ಣ ತುಂಬಬೇಡಿ

ನಾನು ಶಿಕಾಗೋದ ಪಶ್ಚಿಮಕ್ಕಿರುವ ಉಪನಗರಗಳಲ್ಲಿ ಜನಗಣತಿಯ ಅಂಕಿಗಳನ್ನು ಹಿಡಿದು ನಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಕ್ಲಿನಿಕ್ ಎಲ್ಲಿಡಬೇಕು, ಬಸ್ಸು ಎಲ್ಲಿ ಓಡಬೇಕು, ಲೈಬ್ರರಿಯಲ್ಲಿ ಸ್ಪ್ಯಾನಿಷ್ ಬಲ್ಲವರು ಎಷ್ಟು ಜನ ಬೇಕು, ಇಂಥವೇ ಪ್ರಶ್ನೆಗಳು. ಅದರಲ್ಲಿ ಮತ್ತೆ ಮತ್ತೆ ಬರುವುದೊಂದು: "ಕೇನ್ ಕೌಂಟಿಯಲ್ಲಿ ಮೆಕ್ಸಿಕನ್ ಮೂಲದವರು ಯಾವ ಊರಲ್ಲಿ ಎಷ್ಟಿದ್ದಾರೆ, ಒಂದು ಪಟ್ಟಿ ಕೊಡಿ." ಕೇಳೋದಕ್ಕೆ ಐದು ನಿಮಿಷದ ಕೆಲಸ ಅಲ್ವಾ? ಹೊಸದಾಗಿ ಸೇರಿದ ತುಮಕೂರಿನ ಹುಡುಗನೂ ಹಾಗೇ ಅಂದ. "ಏನ್ ಸಾರ್, ಸೆನ್ಸಸ್ ಸೈಟಲ್ಲಿ ಊರು ಹಾಕಿದ್ರೆ ಬರುತ್ತಲ್ಲ." ಬರುತ್ತೆ. ಬಂದಿದ್ದನ್ನು ಹಾಗೇ ಕೊಟ್ಟರೆ ತಪ್ಪಾಗುತ್ತೆ, ಅಷ್ಟೇ.

ಮೊದಲು ಜಾಗದ ಪರಿಚಯ. ಕೇನ್ ಕೌಂಟಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. 2020ರ ಗಣತಿಯಲ್ಲಿ ಜನಸಂಖ್ಯೆ 5,16,522. ಫಾಕ್ಸ್ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ, ದೊಡ್ಡ ಊರುಗಳೆಲ್ಲ ಅದರ ದಡದಲ್ಲೇ ಇವೆ. ಮೇಲಿನಿಂದ ಶುರು ಮಾಡಿದರೆ ಕಾರ್ಪೆಂಟರ್ಸ್‌ವಿಲ್, ಎಲ್ಜಿನ್, ಸೇಂಟ್ ಚಾರ್ಲ್ಸ್, ಜಿನೀವಾ, ಬಟೇವಿಯಾ, ಕೊನೆಗೆ ಅರೋರಾ. ಕೌಂಟಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹಿಸ್ಪ್ಯಾನಿಕ್ ಜನ, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು, ಅವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದವರು. ಆದರೆ ಈ ಮೂರನೇ ಒಂದು ಅನ್ನುವ ಲೆಕ್ಕ ಯಾವ ಊರಿಗೂ ಸರಿಯಾಗಿ ಹೊಂದುವುದಿಲ್ಲ. ಕಾರ್ಪೆಂಟರ್ಸ್‌ವಿಲ್‌ನಲ್ಲಿ ಹಿಸ್ಪ್ಯಾನಿಕ್ ಜನ ಅರ್ಧಕ್ಕಿಂತ ಜಾಸ್ತಿ, ಎಲ್ಜಿನ್‌ನಲ್ಲಿ ಹೆಚ್ಚುಕಡಿಮೆ ಅರ್ಧ, ಅರೋರಾದಲ್ಲಿ ನೂರಕ್ಕೆ 40ರ ಮೇಲೆ. ನಡುವಿನ ಮೂರು ಊರುಗಳಲ್ಲಿ ಮಾತ್ರ ನೂರಕ್ಕೆ ಹತ್ತರ ಆಸುಪಾಸು. ಒಂದೇ ನದಿ, ಕಾರಲ್ಲಿ ಹೋದರೆ ಒಂದು ಊರಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷ.

ಯಾಕೆ ಹೀಗೆ ಅಂತ ಗೊತ್ತಿಲ್ಲದೆ ನಕ್ಷೆ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಅರೋರಾ ರೈಲ್ವೆ ಊರು. ಶಿಕಾಗೋ, ಬರ್ಲಿಂಗ್ಟನ್ ಅಂಡ್ ಕ್ವಿನ್ಸಿ ಕಂಪನಿಯ ದೊಡ್ಡ ವರ್ಕ್‌ಶಾಪ್ ಅಲ್ಲಿತ್ತು, 1850ರ ದಶಕದ ಅದರ ರೌಂಡ್‌ಹೌಸ್ (ರೈಲು ಎಂಜಿನ್ ನಿಲ್ಲಿಸುವ ದುಂಡನೆಯ ಕಟ್ಟಡ) ಈಗಲೂ ನಿಂತಿದೆ. 1910ರಲ್ಲಿ ಮೆಕ್ಸಿಕೋದಲ್ಲಿ ಕ್ರಾಂತಿ ಶುರುವಾಯಿತು. ಇತ್ತ ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿನಿಂದ ಬರುವ ಕೂಲಿಗಳು ನಿಂತುಹೋದರು, ರೈಲ್ವೆಯವರು ಹಳಿ ಕೆಲಸಕ್ಕೆ ಮೆಕ್ಸಿಕನ್ನರನ್ನು ಕರೆಸಿಕೊಂಡರು. ಹಳೆಯ ಗೂಡ್ಸ್ ಡಬ್ಬಿಗಳಲ್ಲೇ ಸಂಸಾರ ಹೂಡಿದವರು ಅವರು. ಆಮೇಲೆ ಬಂದವರು ನೆಂಟರ, ಊರಿನವರ ಜಾಡು ಹಿಡಿದು ಬಂದರು, ಫ್ಯಾಕ್ಟರಿಗಳಲ್ಲಿ ಸೇರಿಕೊಂಡರು. ಎಲ್ಜಿನ್ ಕೂಡ ಕೈಗಡಿಯಾರದ ಕಾರ್ಖಾನೆಯಿಂದ ಹೆಸರಾದ ಕೆಲಸಗಾರರ ಊರೇ. ಕಾರ್ಪೆಂಟರ್ಸ್‌ವಿಲ್ ಕಥೆ ಬೇರೆ. ಅಲ್ಲಿ 1950ರ ದಶಕದಲ್ಲಿ ಮೆಡೋಡೇಲ್ ಅಂತ ಒಂದು ದೊಡ್ಡ ಬಡಾವಣೆ ಕಟ್ಟಿದರು. ಸಣ್ಣ ಮನೆ, ಕಡಿಮೆ ಬೆಲೆ. ಕಟ್ಟಿದ್ದು ಆಗಿನ ಬಿಳಿ ಕಾರ್ಮಿಕರಿಗೆ. ಆ ಸಣ್ಣ ಮನೆಗಳೇ ಮುಂದೆ ಮೆಕ್ಸಿಕನ್ ಕುಟುಂಬಗಳ ಕೈಗೆ ಎಟುಕುವ ಮೊದಲ ಸ್ವಂತ ಮನೆಗಳಾದವು. ಜಿನೀವಾ, ಸೇಂಟ್ ಚಾರ್ಲ್ಸ್‌ನಲ್ಲಿ ಅಂಥ ಮನೆಗಳೂ ಕಮ್ಮಿ, ಬಾಡಿಗೆಯೂ ಜಾಸ್ತಿ. ಯಾರೂ ಬೋರ್ಡು ಹಾಕಿ ತಡೆಯಬೇಕಿಲ್ಲ, ಬೆಲೆಯೇ ತಡೆಯುತ್ತದೆ.

ಈ ಬದಲಾವಣೆ ಎಲ್ಲರಿಗೂ ಹಿಡಿಸಲಿಲ್ಲ. 2006ರಲ್ಲಿ ಕಾರ್ಪೆಂಟರ್ಸ್‌ವಿಲ್ ಆಡಳಿತ ಮಂಡಳಿಯ ಮುಂದೆ ಒಂದು ಪ್ರಸ್ತಾವ ಬಂತು. ದಾಖಲೆ ಇಲ್ಲದ ವಲಸಿಗರಿಗೆ ಮನೆ ಬಾಡಿಗೆ ಕೊಟ್ಟವರಿಗೆ, ಕೆಲಸ ಕೊಟ್ಟವರಿಗೆ ದಂಡ ಅಂತ. ವಿರೋಧಿಸೋಕೆ ಸಾವಿರಾರು ಜನ ಸಭೆಯ ಹೊರಗೆ ಸೇರಿಬಿಟ್ಟರು. ಮರುವರ್ಷ ಇಂಗ್ಲಿಷೇ ಊರಿನ ಅಧಿಕೃತ ಭಾಷೆ ಅಂತ ನಿರ್ಣಯವಾಯಿತು. ನಾವು ತಯಾರು ಮಾಡುವ ಶೇಕಡಾವಾರು ಕಾಲಮ್ ಇಂಥ ಸಭೆಗಳಲ್ಲೂ ಓಡಾಡುತ್ತದೆ. ಅದಕ್ಕೇ ಅಂಕಿ ಕೊಡುವಾಗ ಸುಮ್ನೆ ಕೊಡೋದಲ್ಲ.

ಈಗ ನಿಜವಾದ ತೊಡಕಿಗೆ ಬರೋಣ. ನಮ್ಮಲ್ಲಿ ಊರು ತಾಲ್ಲೂಕಿನೊಳಗೆ, ತಾಲ್ಲೂಕು ಜಿಲ್ಲೆಯೊಳಗೆ. ಇಲ್ಲಿ ಹಾಗಿಲ್ಲ. 1,80,542 ಜನರ ಅರೋರಾ ಕೇನ್, ಡುಪೇಜ್, ಕೆಂಡಲ್, ವಿಲ್ ಎಂಬ ನಾಲ್ಕು ಕೌಂಟಿಗಳಲ್ಲಿ ಹರಡಿದೆ. ಎಲ್ಜಿನ್‌ನ ಒಂದು ತುಂಡು ಕುಕ್ ಕೌಂಟಿಯಲ್ಲಿದೆ. ಹಾಗಾಗಿ ಊರಿನ ಹೆಸರು ಹಾಕಿ ತೆಗೆದ ಅಂಕಿಯಲ್ಲಿ ಕೇನ್ ಕೌಂಟಿಗೆ ಸೇರದ ಜನರೂ ಇರುತ್ತಾರೆ. ಊರುಗಳನ್ನೆಲ್ಲ ಕೂಡಿಸಿದರೆ ಕೌಂಟಿಯ ಒಟ್ಟು ಲೆಕ್ಕಕ್ಕೆ ತಾಳೆಯಾಗುವುದಿಲ್ಲ.

ಬರೀ ಕೂಡುವ ಲೆಕ್ಕದ ಸಮಸ್ಯೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅರೋರಾದೊಳಗೇ ಎರಡು ಮೂರು ಅರೋರಾ ಇವೆ. ನದಿಯ ಪೂರ್ವದ ಹಳೇ ಭಾಗ ಕೇನ್ ಕೌಂಟಿಯದು. ಟಕೇರಿಯಾ (ಟಾಕೋ ಮಾರುವ ಹೋಟೆಲು), ಬೇಕರಿ, ಸ್ಪ್ಯಾನಿಷ್ ಪೂಜೆ ನಡೆಯುವ ಚರ್ಚು, ಶಾಲೆಗಳಲ್ಲಿ ಬಹುಪಾಲು ಹಿಸ್ಪ್ಯಾನಿಕ್ ಮಕ್ಕಳು. ಅಲ್ಲಿಂದ ಇನ್ನೂ ಪೂರ್ವಕ್ಕೆ, ಫಾಕ್ಸ್ ವ್ಯಾಲಿ ಮಾಲ್ ಕಡೆಗೆ ಹೋದರೆ ಡುಪೇಜ್ ಕೌಂಟಿ ಬರುತ್ತದೆ. ಅಲ್ಲಿನ ಹೊಸ ಮನೆಗಳಲ್ಲಿ ಐಟಿಯವರು ಜಾಸ್ತಿ, ಅದರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗೋಕೆ ಅವರೆಲ್ಲ ಕೇನ್ ಕೌಂಟಿಗೆ ಬರಬೇಕು. (ಬರುವಾಗ ಕೊತ್ತಂಬರಿ, ಹಸಿಮೆಣಸಿನಕಾಯಿಗೆ ಮೆಕ್ಸಿಕನ್ ಅಂಗಡಿಗೆ ನುಗ್ಗೋದೂ ಉಂಟು. ನಾನೂ ಅದೇ ಗಿರಾಕಿ.) ಈ ಎರಡೂ ಕಡೆಯವರನ್ನು ಕಲಸಿ "ಅರೋರಾ: ನೂರಕ್ಕೆ ಇಷ್ಟು" ಅಂತ ಒಂದೇ ಬಣ್ಣ ಬಳಿದರೆ ಆ ಬಣ್ಣ ಎರಡೂ ಬೀದಿಗಳ ಮಟ್ಟಿಗೆ ಸುಳ್ಳು.

ಒಂದು ಆರೋಗ್ಯ ಸಂಸ್ಥೆಯವರು ಸ್ಪ್ಯಾನಿಷ್ ಮಾತಾಡುವ ಸಿಬ್ಬಂದಿಯ ಕೌಂಟರ್ ಎಲ್ಲಿ ತೆರೆಯಬೇಕು ಅಂತ ಕೇಳಿದಾಗ ಅವರ ಕೈಯಲ್ಲಿ ಆಗಲೇ ಇಂಥ ಒಂದು ಪಟ್ಟಿ ಇತ್ತು, ಅರೋರಾ ಅಂದಮೇಲೆ ಎಲ್ಲಾದರೂ ಸರಿ, ಪಾರ್ಕಿಂಗ್ ಚೆನ್ನಾಗಿರುವ ಕಡೆ ಇಡೋಣ ಅನ್ನುವ ಯೋಚನೆಯೂ ಇತ್ತು. ಹುಡುಗನನ್ನು ಕೂರಿಸಿಕೊಂಡು ಊರು ಬಿಟ್ಟು ಸೆನ್ಸಸ್ ಟ್ರ್ಯಾಕ್ಟ್ ಲೆಕ್ಕದಲ್ಲಿ ತೆಗೆಸಿದೆ. ಟ್ರ್ಯಾಕ್ಟ್ ಅಂದರೆ ಸರಾಸರಿ 4,000 ಜನರ ತುಂಡು. ಅದು ಕೌಂಟಿಯ ಗಡಿ ದಾಟುವುದಿಲ್ಲ, ಅದೇ ನಮಗೆ ಅನುಕೂಲ. ಊರಿನ ಗಡಿ ದಾಟಬಹುದು, ಅಲ್ಲಿ ಕಣ್ಣಿಡಬೇಕು. ಹಾಗೆ ಮಾಡಿದ ತಕ್ಷಣ ಪೂರ್ವದ ಹಳೇ ಅರೋರಾ ಗಟ್ಟಿ ಬಣ್ಣದಲ್ಲಿ ಎದ್ದು ಕಂಡಿತು, ಮಾಲ್ ಕಡೆಯದು ತಿಳಿಯಾಯಿತು, ಉತ್ತರದ ತುದಿಯಲ್ಲಿ ಯಾರೂ ವಿಚಾರಿಸಿರದ ಕಾರ್ಪೆಂಟರ್ಸ್‌ವಿಲ್ ಕೂಡ ಗಟ್ಟಿಯಾಯಿತು. ಒಂದರ ಬದಲು ಎರಡು ಜಾಗದ ಮಾತು ಶುರುವಾಯಿತು.

ಹುಡುಗ ಕೇಳಿದ ಇನ್ನೊಂದು ಪ್ರಶ್ನೆ ಚೆನ್ನಾಗಿತ್ತು. "ಸಾರ್, ಜನಾಂಗದ ಟೇಬಲ್ಲಲ್ಲಿ ಮೆಕ್ಸಿಕನ್ ಅಂತ ಸಾಲೇ ಇಲ್ವಲ್ಲ?" ಇಲ್ಲ. 1930ರ ಗಣತಿಯಲ್ಲಿ ಮಾತ್ರ ಅದನ್ನೊಂದು ಜನಾಂಗ ಅಂತ ಎಣಿಸಿದ್ದರು. ಮೆಕ್ಸಿಕೋ ಸರ್ಕಾರವೂ ಇಲ್ಲಿನ ಮೆಕ್ಸಿಕನ್ನರೂ ಆಕ್ಷೇಪಿಸಿದರು, ಮುಂದಿನ ಗಣತಿಗೆ ತೆಗೆದರು. ಈಗಿರುವ ಕ್ರಮದಲ್ಲಿ ಹಿಸ್ಪ್ಯಾನಿಕ್ ಮೂಲ ಒಂದು ಪ್ರಶ್ನೆ, ಜನಾಂಗ ಇನ್ನೊಂದು ಪ್ರಶ್ನೆ. ಮೊದಲನೆಯದರಲ್ಲಿ ಮೆಕ್ಸಿಕನ್ ಅಂತ ಟಿಕ್ ಮಾಡಿದವರು ಎರಡನೆಯದರಲ್ಲಿ ಬಿಳಿಯರು ಅಂತಲೋ "ಬೇರೆ" ಅಂತಲೋ ಏನನ್ನಾದರೂ ಹಾಕಿರಬಹುದು. ಎರಡು ಟೇಬಲ್ಲುಗಳನ್ನು ಒಂದೇ ಪೈ ಚಾರ್ಟಿಗೆ ಸುರಿದರೆ ಒಬ್ಬರನ್ನೇ ಎರಡು ಸಲ ಎಣಿಸಿದಂತೆ. ಮೆಕ್ಸಿಕನ್, ಪೋರ್ಟೊರಿಕನ್ ಅಂತ ಬಿಡಿಸಿ ಬೇಕಿದ್ದರೆ ಸೆನ್ಸಸ್ ಬ್ಯೂರೋ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆಯ ಬಿ03001 ಟೇಬಲ್ ತೆಗೆಯಿರಿ. ಅರೋರಾದಲ್ಲಿ ಪೋರ್ಟೊರಿಕನ್ನರೂ ಹಳಬರೇ, ಹಾಗಾಗಿ ಹಿಸ್ಪ್ಯಾನಿಕ್ ಅಂದಿದ್ದೆಲ್ಲ ಮೆಕ್ಸಿಕನ್ ಅಂತ ಬರೆದುಕೊಳ್ಳಬೇಡಿ.

ಆದರೆ ಅದು ಸ್ಯಾಂಪಲ್ ಸರ್ವೆ. ಪ್ರತಿ ಅಂಕಿಯ ಪಕ್ಕ ತಪ್ಪಿನ ಅಂಚು ಇರುತ್ತದೆ, ಅಂದರೆ ನಿಜವಾದ ಸಂಖ್ಯೆ ಎಷ್ಟು ಮೇಲೆ ಕೆಳಗೆ ಇರಬಹುದು ಅನ್ನುವ ಲೆಕ್ಕ. ಕೌಂಟಿಯ ಪಶ್ಚಿಮದ ಜೋಳದ ಹೊಲಗಳ ನಡುವಿನ ಕೇನ್‌ವಿಲ್, ಬಿಗ್ ರಾಕ್‌ನಂಥ ಪುಟ್ಟ ಹಳ್ಳಿಗಳಲ್ಲಿ 40 ಅಂತ ಇದ್ದು ಅಂಚು 45 ಅಂತ ಇದ್ದರೆ ನೀವು ಬರೆಯೋದಕ್ಕೆ ಏನೂ ಉಳಿಯಲಿಲ್ಲ. ನಾನು ಅಂಥ ಊರುಗಳನ್ನು ಒಟ್ಟುಗೂಡಿಸಿ ಒಂದೇ ಸಾಲು ಮಾಡುತ್ತೇನೆ. ಗ್ರಾಹಕರಿಗೆ ಇದು ಇಷ್ಟವಾಗುವುದಿಲ್ಲ. "ನಮ್ಮೂರಿನ ಹೆಸರೇ ಇಲ್ಲ" ಅಂತ ಫೋನ್ ಬರುತ್ತೆ. ಬರಲಿ.

ಇನ್ನು ಎಣಿಕೆಯಲ್ಲೇ ತಪ್ಪಿಹೋದವರು. 2020ರ ಗಣತಿಯಲ್ಲಿ ದೇಶದಾದ್ಯಂತ ಹಿಸ್ಪ್ಯಾನಿಕ್ ಜನರಲ್ಲಿ ನೂರಕ್ಕೆ ಸುಮಾರು 5 ಮಂದಿ ಲೆಕ್ಕಕ್ಕೆ ಸಿಗಲಿಲ್ಲ ಅಂತ ಸೆನ್ಸಸ್ ಬ್ಯೂರೋ ಆಮೇಲೆ ತಾನೇ ಹೇಳಿತು. ಹತ್ತು ವರ್ಷ ಹಿಂದೆ ಅದು 1.54 ಇತ್ತು. ಹಾಗಾಗಿ ಪೂರ್ವ ಅರೋರಾದ ಅಂಕಿಗಳನ್ನು ನಾನು ಶಾಲೆಗಳ ದಾಖಲಾತಿ ಜೊತೆಗೆ ಇಟ್ಟು ನೋಡುತ್ತೇನೆ. ಶಾಲೆಯ ಲೆಕ್ಕ ಪ್ರತಿ ವರ್ಷ ಬರುತ್ತದೆ, ಮಕ್ಕಳು ಕಣ್ಣೆದುರಿಗೇ ಇರುತ್ತಾರೆ.

2024ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೊಸ ನಿಯಮ ತಂದು ಹಿಸ್ಪ್ಯಾನಿಕ್ ಮೂಲ, ಜನಾಂಗ ಅನ್ನುವ ಆ ಎರಡು ಪ್ರಶ್ನೆಗಳನ್ನು ಒಂದು ಮಾಡಿತು. ಅದು ಫಾರ್ಮಿಗೆ ಇಳಿದರೆ ಜನಾಂಗದ ಹಳೆಯ ಅಂಕಿಗಳ ಪಕ್ಕ ಹೊಸದನ್ನು ನೇರವಾಗಿ ಇಡುವಂತಿಲ್ಲ. ತುಮಕೂರಿನ ಹುಡುಗನಿಗೆ ಈಗಲೇ ಹೇಳಿದ್ದೇನೆ, 2020ರ ಟ್ರ್ಯಾಕ್ಟ್ ಫೈಲುಗಳನ್ನು ಯಾವ ಟೇಬಲ್ಲಿನಿಂದ ತೆಗೆದೆ ಅಂತ ಬರೆದು ಬೇರೆ ಫೋಲ್ಡರಿನಲ್ಲಿ ಇಟ್ಟುಕೋ ಅಂತ.