ಆತಕೂರಿನ ಕಾಳಿ

ಮಳೆ ಜೋರಾಯ್ತು ಅಂತ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಒಳಗೆ ನುಗ್ಗಿದೆವು. ಅದೇ, ಆ ಕೆಂಪು ಕಟ್ಟಡ. 1865ರಲ್ಲಿ ಶುರುವಾದ ಮ್ಯೂಸಿಯಂ. ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ, ಒಳಗೆ ಹೋಗಿದ್ದು ಇದೇ ಮೊದಲು.

ಮಗಳು ಒಂದು ಕಲ್ಲಿನ ಮುಂದೆ ನಿಂತುಬಿಟ್ಟಳು. "ಅಪ್ಪಾ, ನಾಯಿ! ಹಂದಿ!"

ಮಂಡ್ಯ ಕಡೆಯ ಆತಕೂರಿನ ಕಲ್ಲು, ಸುಮಾರು 949ನೇ ಇಸವಿಯದು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗ 'ಏನು ಬೇಕೋ ಕೇಳು' ಅಂದರೆ, ಪುಣ್ಯಾತ್ಮ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು! ಆ ಕಾಳಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಆ ಕಾಳಿಯ ನೆನಪಿಗೇ ಈ ಕಲ್ಲು. ಸಾವಿರ ವರ್ಷದ ಮೇಲೂ ನಾಯಿಯ ಹೆಸರು ಉಳಿದಿದೆ, ಅಲ್ವಾ? ನನಗೆ ಮುತ್ತಜ್ಜನ ಹೆಸರೇ ಗೊತ್ತಿಲ್ಲ.

ಈಗ ಬೀದಿಯ ಕರಿ ನಾಯಿಗೂ ಕಾಳಿ ಅಂತ ಹೆಸರಿಟ್ಟಾಗಿದೆ. ಅದು ಹೆಗ್ಗಣ ಕಂಡರೂ ಓಡುತ್ತೆ.