ಡಿ ಎಲ್ಲಿ ಹೋಯ್ತು?

ಸೋಮವಾರ ರಾತ್ರಿ ಕಂಪ್ಯೂಟರ್ ಮುಂದೆ ಕೂತು ಅಪ್ಪ ಕೇಳಿದ್ದು ಇಷ್ಟೇ. "ಡಿ ಎಲ್ಲಿ ಹೋಯ್ತು?"

ನಾನು ಥಟ್ಟನೆ "ಇದ್ರಲ್ಲಿ ಡಿ ಅಂತ ಇರಲ್ಲ ಅಪ್ಪ" ಅಂದುಬಿಟ್ಟೆ. ಅಪ್ಪ ಮೌಸ್ ಮೇಲಿಂದ ಕೈ ತೆಗೆದು ತೊಡೆ ಮೇಲಿಟ್ಟುಕೊಂಡರು. ಮತ್ತೆ ಮಾತಾಡಲಿಲ್ಲ. ಇವತ್ತು ಶನಿವಾರ. ಆ ಕೈ ಇನ್ನೂ ಕಣ್ಣಮುಂದೆ ಇದೆ.

ಮನೆ ಕಂಪ್ಯೂಟರನ್ನು ವಿಂಡೋಸ್ 10ರಿಂದ ಲಿನಕ್ಸ್ ಮಿಂಟ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂಗೆ ಬದಲಾಯಿಸಿದ್ದು ನಾನೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ನಮ್ಮದು ಇಂಟೆಲ್ 7ನೇ ಪೀಳಿಗೆಯ ಪ್ರೊಸೆಸರ್. ವಿಂಡೋಸ್ 11ಕ್ಕೆ ಹೆಚ್ಚೂಕಮ್ಮಿ 8ನೇ ಪೀಳಿಗೆಯಿಂದ ಮೇಲಿನದ್ದೇ ಆಗಬೇಕು, ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇರೆ ಇರಬೇಕು. ಆದರೆ ಕಂಪ್ಯೂಟರ್ ಗಟ್ಟಿಮುಟ್ಟಾಗಿದೆ, 8 ಜಿಬಿ ರ‍್ಯಾಮ್ ಇದೆ, ಅಪ್ಪನ ಕೆಲಸಕ್ಕೆ ಧಾರಾಳ. ಅದನ್ನು ಮೂಲೆಗೆ ಹಾಕೋಕೆ ಮನಸ್ಸು ಬರಲಿಲ್ಲ. ತಮ್ಮ ಮಾತ್ರ ಫೋನಿನಲ್ಲಿ "ಹೊಸದು ತಗೊಂಡ್ರಾಯ್ತು, ಯಾಕೆ ಈ ಗೋಳು" ಅಂದ. ಅವನು ಯಾವಾಗಲೂ ಹಾಗೆಯೇ, ಕೆಟ್ಟ ವಸ್ತುವಿಗೂ ಕೆಡದ ವಸ್ತುವಿಗೂ ಅವನದು ಒಂದೇ ಉತ್ತರ. ನನಗೆ ಅದು ಇಷ್ಟವಾಗಲ್ಲ.

ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ನೋಡಿದೆ. ವೈಫೈ, ಪ್ರಿಂಟರ್, ಸ್ಪೀಕರ್ ಎಲ್ಲಾ ಸರಿಯಾಗಿ ಕೆಲಸ ಮಾಡಿದವು. ಆಮೇಲೆ ವಿಂಡೋಸ್ ಪಕ್ಕದಲ್ಲೇ ಹಾಕಿದೆ, ಸ್ವಲ್ಪ ದಿನ ಎರಡೂ ಇರಲಿ ಅಂತ. ವಿಂಡೋಸ್‌ನಲ್ಲಿ ಡಿಸ್ಕಿನ ಭಾಗಗಳಿಗೆ ಸಿ, ಡಿ ಅಂತ ಹೆಸರು. ಆ ಡಿ ಬಗ್ಗೆ ಮಾತ್ರ ಯೋಚನೆಯೇ ಬರಲಿಲ್ಲ.

ಅಪ್ಪನಿಗೆ ಡಿ ಅಂದರೆ ಬರೀ ಅಕ್ಷರ ಅಲ್ಲ. ಎಷ್ಟೋ ವರ್ಷದ ಹಿಂದೆ ಒಮ್ಮೆ ಕಂಪ್ಯೂಟರ್ ಕೆಟ್ಟು, ರಿಪೇರಿಯವರು ಸಿ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ್ದರು. ಸಿಯಲ್ಲಿದ್ದ ಫೋಟೋ, ಪತ್ರ ಎಲ್ಲಾ ಹೋಯಿತು. ಡಿಯಲ್ಲಿದ್ದದ್ದು ಉಳಿಯಿತು. ಅವತ್ತಿನಿಂದ ಮನೆಯಲ್ಲಿ ಅದೇ ನಿಯಮ: ಬೇಕಾದ್ದೆಲ್ಲಾ ಡಿಗೆ. ಅಜ್ಜಿಯ ದನಿ ಇರೋ 11 ನಿಮಿಷದ ರೆಕಾರ್ಡಿಂಗ್ ಕೂಡ ಅಲ್ಲೇ ಇದೆ. ಅಪ್ಪ ಕಂಪ್ಯೂಟರ್ ಮುಂದೆ ಕೂತಾಗೆಲ್ಲಾ ಅದರ ಮೊದಲ ಹತ್ತು ಸೆಕೆಂಡ್ ಕೇಳುತ್ತಾರೆ. ಅಜ್ಜಿ "ಇದು ಶುರು ಆಗಿದ್ಯೇನೋ?" ಅನ್ನುತ್ತಾರೆ. ಅಪ್ಪನ ಹಳೇ ದನಿ "ಆಗಿದೆ, ಮಾತಾಡಮ್ಮ" ಅನ್ನುತ್ತೆ. ಅಷ್ಟಕ್ಕೇ ನಿಲ್ಲಿಸುತ್ತಾರೆ. ಎಲ್ಲಾ ಇದ್ದಲ್ಲೇ ಇದೆ ಅಂತ ಗೊತ್ತಾದರೆ ಸಾಕು ಅವರಿಗೆ.

ಇಂಥವರಿಗೆ ನಾನು "ಡಿ ಅಂತ ಇರಲ್ಲ" ಅಂದೆ. ಸುಳ್ಳಲ್ಲ. ಲಿನಕ್ಸ್‌ನಲ್ಲಿ ಡ್ರೈವ್‌ಗಳಿಗೆ ಅಕ್ಷರ ಇರಲ್ಲ. ಒಂದೇ ಬೇರು, ಎಲ್ಲಾ ಡಿಸ್ಕೂ ಅದರ ಕೊಂಬೆಗಳಲ್ಲಿ ಎಲ್ಲೋ ಒಂದು ಕಡೆ ಸೇರಿಕೊಂಡಿರುತ್ತೆ. ಆದರೆ ಅಪ್ಪ ಕೇಳಿದ್ದು ಅದನ್ನಲ್ಲ. ನನ್ನ ವಸ್ತುಗಳೆಲ್ಲಾ ಇವೆಯಾ ಅಂತ ಕೇಳಿದ್ದರು. "ಎಲ್ಲಾ ಇದೆ ಅಪ್ಪ, ಬನ್ನಿ ತೋರಿಸ್ತೀನಿ" ಅಂತ ಮೊದಲು ಹೇಳಬೇಕಿತ್ತು ಅಲ್ವಾ? ಆಮೇಲೆ ತೋರಿಸಿದೆ ನಿಜ. ಅಷ್ಟರಲ್ಲಿ ಅವರ ಮುಖ ಬಾಡಿತ್ತು.

ಮಂಗಳವಾರ ಇನ್ನೊಂದು ಪೆಟ್ಟು. ಮನೆ ಲೆಕ್ಕದ ಶೀಟ್ ತೆಗೆದು ಎರಡು ಸಾಲು ಸೇರಿಸಿದರು. ಸೇವ್ ಆಗಲಿಲ್ಲ. ಓದಬಹುದು, ಬರೆಯೋ ಹಾಗಿಲ್ಲ ಅಂತ ಬಂತು. "ನೋಡು, ಮುಟ್ಟೋಕೇ ಬಿಡ್ತಿಲ್ಲ" ಅಂದರು. ತಪ್ಪು ನನ್ನದೇ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಲ್ಲ, ಅರೆನಿದ್ದೆಯಲ್ಲಿ ಇರುತ್ತೆ. ಅರ್ಧಕ್ಕೆ ಬಿಟ್ಟ ಡಿಸ್ಕ್ ಮೇಲೆ ಬರೆದರೆ ಫೈಲ್ ಹಾಳಾಗಬಹುದು ಅಂತ ಲಿನಕ್ಸ್ ತಾನೇ ಕೈ ಕಟ್ಟಿಕೊಳ್ಳುತ್ತೆ. ಒಂದು ಸಲ ವಿಂಡೋಸ್‌ಗೆ ಹೋಗಿ ಪವರ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿದೆ. ಸರಿಹೋಯಿತು. ಅಪ್ಪನ ಅನುಮಾನ ಸರಿಹೋಗಲಿಲ್ಲ.

ಬುಧವಾರ ಗೆಳೆಯನಿಗೆ ಫೋನ್ ಮಾಡಿದೆ. ತುಂಬಾ ವರ್ಷದಿಂದ ಲಿನಕ್ಸ್ ಬಳಸುವವನು, ಬುದ್ಧಿವಂತ. ಆದರೆ "ಸಿ, ಡಿ ಅನ್ನೋದನ್ನ ಮರೀಬೇಕು ಮಾರಾಯ, ಹಳೇ ಅಭ್ಯಾಸ" ಅಂದಾಗ ನನಗೆ ಸಿಟ್ಟು ಬಂತು. ಹಳೇ ಅಭ್ಯಾಸ ಹೌದು. ಎ, ಬಿ ಅಕ್ಷರಗಳೆರಡೂ ಹಳೇ ಕಾಲದ ಫ್ಲಾಪಿ ಡಿಸ್ಕ್‌ಗೆ ಹೋಗಿದ್ದವು. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಅನ್ನೋ ಕಂಪ್ಯೂಟರ್ 10 ಎಂಬಿ ಹಾರ್ಡ್ ಡಿಸ್ಕ್ ಹೊತ್ತು ಬಂದಾಗ ಅದಕ್ಕೆ ಸಿಕ್ಕಿದ್ದು ಸಿ. ಫ್ಲಾಪಿ ಹೋಗಿ ಎಷ್ಟೋ ಕಾಲವಾಯಿತು, ಆ ಎರಡು ಅಕ್ಷರ ಇನ್ನೂ ಖಾಲಿ ಬಿದ್ದಿವೆ. ತಯಾರು ಮಾಡುವವರೇ ಇಷ್ಟು ವರ್ಷ ಹಿಡಿದುಕೊಂಡು ಬಂದಿದ್ದನ್ನು ಅಪ್ಪ ಒಂದೇ ರಾತ್ರಿಯಲ್ಲಿ ಮರೀಬೇಕಾ? ಬದಲಾಗಿ ಅಂತ ಹೇಳುವವರು ಸುಮ್ನೆ ಹತ್ತು ನಿಮಿಷ ಬದಲಾಗುವವರ ಪಕ್ಕ ಕೂತು ನೋಡಬೇಕು. ಅವರ ಕೈ ಎಲ್ಲಿ ನಿಲ್ಲುತ್ತೆ, ಕಣ್ಣು ಯಾವ ಮೂಲೆಯಲ್ಲಿ ಏನನ್ನು ಹುಡುಕುತ್ತೆ ಅಂತ. ನಾನೂ ಸೋಮವಾರ ಹಾಗೆ ಕೂರಲಿಲ್ಲ. ಪರದೆ ನೋಡಿದೆ, ಅಪ್ಪನನ್ನು ನೋಡಲಿಲ್ಲ.

ಪರಿಹಾರ ಎಷ್ಟು ಚಿಕ್ಕದು ಅಂತ ನೆನೆದರೆ ಹೊಟ್ಟೆ ಉರಿಯುತ್ತೆ. ಆ ಡಿಸ್ಕಿಗೆ ಹೆಸರೇ ಇರಲಿಲ್ಲ, ಪಕ್ಕದ ಪಟ್ಟಿಯಲ್ಲಿ ಬರೀ ಎಷ್ಟು ಜಿಬಿ ಅಂತ ಕಾಣುತ್ತಿತ್ತು. ನಿನ್ನೆ ರಾತ್ರಿ ಡಿಸ್ಕ್ಸ್ ಅನ್ನೋ ಪ್ರೋಗ್ರಾಂ ತೆಗೆದು ಅದಕ್ಕೆ ಲೇಬಲ್ ಕೊಟ್ಟೆ. ಒಂದೇ ಅಕ್ಷರ, ಡಿ.

ಅಪ್ಪನನ್ನು ಕರೆದೆ. ಬಂದು ಕನ್ನಡಕ ಸರಿಮಾಡಿಕೊಂಡು ಎಡಗಡೆ ನೋಡಿದರು. ಒತ್ತಿದರು. ಒಳಗೆ ಒಂದರೊಳಗೊಂದು ಫೋಲ್ಡರ್ ತೆಗೆಯುತ್ತಾ ಹೋದರು, ಎಲ್ಲೂ ತಡೆಯಲಿಲ್ಲ.

"ಇದು ಶುರು ಆಗಿದ್ಯೇನೋ?"

"ಆಗಿದೆ, ಮಾತಾಡಮ್ಮ."

ಅಲ್ಲಿಗೇ ನಿಲ್ಲಿಸಿದರು. ಲೆಕ್ಕದ ಶೀಟ್ ತೆಗೆದು, "ಕೊನೇ ಮೂರು ಸಾಲು ಎರಡನೇ ಪುಟಕ್ಕೆ ಹೋಗಿದೆಯಲ್ಲೋ, ಪ್ರಿಂಟ್ ಹೇಗೆ ತಗೊಳ್ಳೋದು?" ಅಂತ ಕೇಳಿದರು. ಸೋಮವಾರದಿಂದ ಅವರು ಕೇಳಿದ ಎರಡನೇ ಪ್ರಶ್ನೆ ಅದು. ಶೀಟಿನ ಫಾಂಟ್ ಕ್ಯಾಲಿಬ್ರಿ, ಅದು ಲಿನಕ್ಸ್ ಜೊತೆ ಬರಲ್ಲ. ಅದರ ಜಾಗದಲ್ಲಿ ಬೇರೆ ಅಳತೆಯ ಫಾಂಟ್ ಕೂತು ಸಾಲುಗಳು ಮುಂದಿನ ಪುಟಕ್ಕೆ ಹೋಗಿದ್ದವು. ಕ್ಯಾಲಿಬ್ರಿಯದೇ ಅಳತೆಯ ಕಾರ್ಲಿಟೋ ಅನ್ನೋ ಫಾಂಟ್ ಇದೆ. ಇವತ್ತು ಬೆಳಿಗ್ಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಾಕಿದೆ. ಲೆಕ್ಕ ಮತ್ತೆ ಒಂದು ಪುಟಕ್ಕೆ ಬಂತು.