ಹುಬ್ಬಳ್ಳಿ ಇಲ್ಲೇ ಇದ್ದಲಾ, ಬೆಂಗಳೂರೇ ಎಂತಕ್ಕೆ?

ಶಿರಸಿ ಕಡೆ ಯಾವ ಮದುವೆ, ಉಪನಯನಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹುಬ್ಬಳ್ಳಿ ಸುಮಾರು 100 ಕಿ.ಮೀ., ಬೆಂಗಳೂರು 400. ಓದಿದ ಮಕ್ಕಳೆಲ್ಲ ರಾತ್ರಿ ಬಸ್ಸು ಹತ್ತುವುದು ಮಾತ್ರ ಬೆಂಗಳೂರಿಗೇ. ಸಂಬಳದ ಆಸೆ ಅಂತ ಕೇಳುವವರೇ ತೀರ್ಮಾನಿಸಿರುತ್ತಾರೆ.

ನನಗೆ ಹಾಗನ್ನಿಸುವುದಿಲ್ಲ. ಹೆಚ್ಚಿಗೆ ಬಂದ ಸಂಬಳವನ್ನು ಬಾಡಿಗೆ, ಅಡ್ವಾನ್ಸುಗಳೇ ನುಂಗುತ್ತವೆ. ಅವರು ಲೆಕ್ಕ ಹಾಕುವುದು ಎರಡನೇ ಕೆಲಸವನ್ನು. ಸಣ್ಣ ಊರಿನಲ್ಲಿ ಕಂಪನಿ ಮುಚ್ಚಿದರೆ ಊರನ್ನೇ ಬಿಡಬೇಕು. ಬೆಂಗಳೂರಿನಲ್ಲಾದರೆ ಹತ್ತುವ ಬಸ್ಸು ಬದಲಾದೀತು, ಅಷ್ಟೆ. ಗಂಡ ಹೆಂಡತಿ ಇಬ್ಬರೂ ಓದಿದವರಾದರೆ ಈ ಲೆಕ್ಕ ಇನ್ನೂ ಬಿಗಿ: ಒಂದೇ ಊರಿನಲ್ಲಿ ಇಬ್ಬರಿಗೂ ಕೆಲಸ ಸಿಗಬೇಕು.

ಇದು ನಮ್ಮೂರಿನ ಕಥೆಯಷ್ಟೇ ಅಲ್ಲ. ಅರ್ಥಶಾಸ್ತ್ರಜ್ಞರಾದ ಡೋರಾ ಕೋಸ್ಟಾ ಮತ್ತು ಮ್ಯಾಥ್ಯೂ ಕಾನ್ 2000ರಲ್ಲಿ ಅಮೆರಿಕದ ಲೆಕ್ಕ ಮುಂದಿಟ್ಟರು. ಇಬ್ಬರೂ ಪದವೀಧರರಾದ ದಂಪತಿಗಳಲ್ಲಿ ದೊಡ್ಡ ನಗರಗಳಲ್ಲಿದ್ದವರು 1940ರಲ್ಲಿ ಶೇ. 32, 1990ರ ಹೊತ್ತಿಗೆ ಶೇ. 50. ಇಬ್ಬರಿಗೂ ಕೆಲಸ ಬೇಕೆನ್ನುವುದೇ ಮುಖ್ಯ ಕಾರಣ ಅಂದರು ಅವರು. 2007ರಲ್ಲಿ ಕಾಂಪ್ಟನ್ ಮತ್ತು ಪೊಲಾಕ್ ಎಂಬ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ತಕರಾರು ತೆಗೆದರು: ದಂಪತಿಗಳಾಗಿ ನಗರಕ್ಕೆ ಹೋಗುವುದಲ್ಲ, ಒಂಟಿಯಾಗಿ ಹೋದವರು ಅಲ್ಲೇ ಜೋಡಿಯಾಗುತ್ತಾರೆ.

ನಮ್ಮಲ್ಲಿ ಜಾತಕ ಹೊರಡುವಾಗಲೇ ಊರೂ ನಿಗದಿಯಾಗಿರುತ್ತದೆ, 'ಮಾಣಿ (ಹುಡುಗ) ಬೆಂಗಳೂರಲ್ಲಿರಬೇಕು' ಅಂತ. ಅಡಿಕೆ ತೋಟ, ಒಳ್ಳೆಯ ಮನೆ, ಕೈಯಲ್ಲಿ ಡಿಗ್ರಿ ಎಲ್ಲ ಇದ್ದೂ ಊರಲ್ಲೇ ಉಳಿದವನಿಗೆ ಹೆಣ್ಣು ಸಿಗುವುದಿಲ್ಲ. ಎಲ್ಲರೂ ಹುಡುಗಿಯರನ್ನೇ ಬೈಯುತ್ತಾರೆ. ಬಿ.ಇ. ಮಾಡಿದವಳು ಸಿದ್ದಾಪುರದ ಯಾವುದೋ ಹಳ್ಳಿಗೆ ಬಂದು ಆ ಓದನ್ನು ಎಲ್ಲಿಡಬೇಕು ಅಂತ ಬೈಯುವವರು ಯಾರೂ ಹೇಳಿದ್ದು ನಾನಂತೂ ಕೇಳಿಲ್ಲ. ನೆಟ್‌ವರ್ಕ್ ಸಿಗುವ ಮನೆಗಳಲ್ಲಿ ಲ್ಯಾಪ್‌ಟಾಪ್ ಕೆಲಸ ನಡೆದೀತು, ಅದೂ ಕಂಪನಿ ಒಪ್ಪಿದರೆ.

ಕಾರವಾರದ ಪಾಡು ಸ್ವಲ್ಪ ಬೇರೆ. ಮಾಜಾಳಿ ದಾಟಿದರೆ ಗೋವಾ, ಆಡುವ ಕೊಂಕಣಿಯೂ ಹತ್ತಿರದ್ದೇ. ಆದರೆ ಅಲ್ಲಿನ ಸರ್ಕಾರಿ ನೌಕರಿಗೆ 15 ವರ್ಷದ ವಾಸದ ದಾಖಲೆ ಕೇಳುತ್ತಾರೆ. ಹಾಗಾಗಿ ನಮ್ಮವರಿಗೆ ಉಳಿಯುವುದು ಹೋಟೆಲು, ಖಾಸಗಿ ಕಾರ್ಖಾನೆ. ಅದೇ ಕಾರವಾರಕ್ಕೆ ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆಗಳಿಂದಾಗಿ ದೇಶದ ಮೂಲೆಮೂಲೆಯಿಂದ ಓದಿದವರು ಬರುತ್ತಾರೆ. ಓದಿದವರು ಬರಲಿ ಅಂದರೆ ದೊಡ್ಡ ಯೋಜನೆಯೊಂದು ಸಾಕು ಅನ್ನುವವರು ಒಮ್ಮೆ ಮಲ್ಲಾಪುರದ ಕೈಗಾ ಕಾಲೊನಿಯಲ್ಲಿ ವಿಚಾರಿಸಲಿ: ಎಂಜಿನಿಯರ್ ಗಂಡನಿಗೆ ಸ್ಥಾವರವಿದೆ, ಅಷ್ಟೇ ಓದಿದ ಹೆಂಡತಿಗೆ ಈ ಊರಲ್ಲಿ ಏನು ಕೆಲಸವಿದೆ ಅಂತ.